ನಮ್ಮನ್ನು ಯಜಮಾನರನ್ನಾಗಿ ಮಾಡಿದ ಲೊವೆಲ್

ಎಬರ್ಸೋಲ್ ವಿಶ್ವವಿದ್ಯಾಲಯದ ಸೆನೆಟ್ ಕೋಣೆಯಲ್ಲಿ ಹದಿನಾಲ್ಕು ಓಕ್ ಮರದ ಕುರ್ಚಿಗಳಿದ್ದವು. ಮೂವತ್ತೆಂಟು ವರ್ಷ ಭೂಗರ್ಭಶಾಸ್ತ್ರ ಪಾಠ ಮಾಡಿದ ಹಕ್ಕಿನಿಂದ ಹೇಳುತ್ತೇನೆ: ಒಹಾಯೋ ರಾಜ್ಯದ ಯಾವ ಕಲ್ಲುಗಣಿಯಲ್ಲೂ ಅವಕ್ಕಿಂತ ಗಟ್ಟಿಯಾದ ಶಿಲೆ ಸಿಕ್ಕಿಲ್ಲ. ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ನಾವು ಹದಿನಾಲ್ಕು ಮೇಷ್ಟ್ರುಗಳು ಅವುಗಳ ಮೇಲೆ ಕೂರುತ್ತಿದ್ದೆವು. ವಿಶ್ವವಿದ್ಯಾಲಯದ ಅಧ್ಯಕ್ಷನಾದವನು ಬಂದು, ಮೈಮೇಲಿನ ಕೋಟನ್ನೂ ಬಿಚ್ಚದೆ, ತಾನೇನು ಮಾಡಿಬಿಟ್ಟಿದ್ದೇನೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿ ಹೋಗುತ್ತಿದ್ದ. ನಾವು ಓಟ್ಸ್ ಬಿಸ್ಕತ್ತು ತಿನ್ನುತ್ತಿದ್ದೆವು. ಇದಕ್ಕೆ ನಮ್ಮಲ್ಲಿ ಅಧ್ಯಾಪಕರ ಸ್ವಯಂ ಆಡಳಿತ ಎಂದು ಹೆಸರು.

ಆ ಕೋಣೆಯಲ್ಲಿ ಏನಾದರೂ ಕೆಲಸ ಮಾಡುತ್ತಿದ್ದವನು ಒಬ್ಬನೇ, ಸೆನೆಟ್ಟಿನ ಕಾರ್ಯದರ್ಶಿ ಲೊವೆಲ್ ಸ್ಟಟ್ಸ್‌ಮನ್. ಅವನು ನಡಾವಳಿ ಬರೆಯುತ್ತಿದ್ದ.

ಲೊವೆಲ್ ಕಲಿಸುತ್ತಿದ್ದದ್ದು ಲ್ಯಾಟಿನ್. ಹುಟ್ಟಿದಾಗಿನ ಲೆಕ್ಕದಲ್ಲಿ ಆರಡಿ ಮೂರಂಗುಲ ಬೆಳೆಯಬೇಕಾದವನು, ಎದುರಾದವರಿಗೆಲ್ಲ ಬಾಗಿ ದಾರಿ ಬಿಟ್ಟು ಬಿಟ್ಟು ಐದೂಮುಕ್ಕಾಲಿಗೆ ಇಳಿದಿದ್ದ. ಒಮ್ಮೆ ಗ್ರಂಥಾಲಯದ ಬಾಗಿಲಲ್ಲಿ ಅವನೂ ಜರ್ಮನ್ ಮೇಷ್ಟ್ರೂ "ನೀವು ಮೊದಲು, ಇಲ್ಲ ನೀವು ಮೊದಲು" ಅನ್ನುತ್ತ ನಿಂತರು. ಇಬ್ಬರೂ ಒಳಗೆ ಹೋಗುವಷ್ಟರಲ್ಲಿ ಒಳಗಿದ್ದ ಹುಡುಗರು ಪದವಿ ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಅದೇ ಗ್ರಂಥಾಲಯಕ್ಕೆ ಕಳಿಸಿದ್ದರು. ಲೊವೆಲ್‌ಗೆ ಮದುವೆಯಾಗಿರಲಿಲ್ಲ. ಪೇಟೆಬೀದಿಯ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇದ್ದ. ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರ ಮನೆಯಲ್ಲಿ ಬೆಳೆದವನು. ಆ ಜನ ಕೋರ್ಟಿನಲ್ಲೂ ಪ್ರಮಾಣ ಮಾಡುವುದಿಲ್ಲ. ಯಾವಾಗಲೂ ನಿಜವನ್ನೇ ಹೇಳುವವನಿಗೆ ಬೈಬಲ್ ಮೇಲೆ ಕೈ ಇಡುವ ಅಗತ್ಯವೇನು ಅನ್ನುತ್ತಾರೆ. ಅಂಥವನು ಇಪ್ಪತ್ತಮೂರು ವರ್ಷ ಸುಳ್ಳು ಬರೆದ. ಬರೆಯಿಸಿದವರು ನಾವು.

ಅದು ಹೀಗಾಯಿತು. ೧೯೬೩ರಲ್ಲಿ ಕಾರ್ಯದರ್ಶಿಯಾದಾಗ ಅವನು ಬರೆದ ಮೊದಲ ನಡಾವಳಿ ಎರಡೇ ಸಾಲು. "ಸಂಗೀತ ವಿಭಾಗವನ್ನು ಹಳೆಯ ಲಾಂಡ್ರಿ ಕಟ್ಟಡಕ್ಕೆ ಸಾಗಿಸಿರುವುದಾಗಿ ಅಧ್ಯಕ್ಷರು ತಿಳಿಸಿದರು. ಸದಸ್ಯರಲ್ಲಿ ಯಾರೂ ಮಾತಾಡಲಿಲ್ಲ." ಮುಂದಿನ ತಿಂಗಳು ಪದ್ಧತಿಯಂತೆ ಎದ್ದುನಿಂತು ಅದನ್ನು ಓದಿದ. ತತ್ವಶಾಸ್ತ್ರದ ಆಂಬ್ರೋಸ್ ಕೀಲ್‌ನ ಕಿವಿಗಳು ಎಷ್ಟು ಕೆಂಪಾದವೆಂದರೆ ಕೋಣೆಯ ಹೀಟರನ್ನು ಆರಿಸಬೇಕಾಯಿತು.

"ಲೊವೆಲ್," ಅಂದ ಆಂಬ್ರೋಸ್, "ಸುಳ್ಳು ಬರಿ ಅಂತಲ್ಲ ನಾನು ಹೇಳ್ತಿರೋದು. ಆದ್ರೆ ಐವತ್ತು ವರ್ಷ ಆದ್ಮೇಲೆ ಯಾರೋ ಇದನ್ನ ತೆಗೆದು ಓದ್ತಾರಪ್ಪ. ಹದಿನಾಲ್ಕು ಜನ ಡಾಕ್ಟರೇಟು ಮಾಡಿದೋರು ಬಾಯಿಗೆ ಬಿಸ್ಕತ್ತು ತುರುಕ್ಕೊಂಡು ಕೂತಿದ್ರು ಅಂದ್ಕೊಳ್ಳಲ್ವಾ?"

"ಹಾಗೇ ಕೂತಿದ್ವಲ್ಲ," ಅಂದ ಲೊವೆಲ್.

"ಕೂತಿದ್ವಪ್ಪ. ಕೂತಿದ್ದನ್ನೇ ಸ್ವಲ್ಪ ಮರ್ಯಾದೆಯಾಗಿ ಹೇಳೋಕ್ಕಾಗಲ್ವಾ? ಅಷ್ಟೊಂದು ಲ್ಯಾಟಿನ್ ಓದಿದೋನು ನೀನು."

ಲೊವೆಲ್ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. ಯಾರ ಮುಖದಲ್ಲಿ ಏನು ಕಂಡನೋ, ನನ್ನ ಮುಖದಲ್ಲಿ ಕಂಡದ್ದನ್ನು ನಾನು ಬಲ್ಲೆ. ಕೂತು, ಆ ಎರಡು ಸಾಲು ಹೊಡೆದುಹಾಕಿ, ಹೊಸದಾಗಿ ಬರೆದು ಓದಿದ: "ದೀರ್ಘವಾದ, ಗಂಭೀರವಾದ ಚರ್ಚೆಯ ನಂತರ ಸೆನೆಟ್ಟು ಸಂಗೀತ ವಿಭಾಗದ ಸ್ಥಳಾಂತರವನ್ನು ಶಿಫಾರಸು ಮಾಡಿತು. ಅಧ್ಯಕ್ಷರು ಶಿಫಾರಸನ್ನು ಅಂಗೀಕರಿಸಿದರು." ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೈಯೆತ್ತಿ ಒಪ್ಪಿದೆವು. ಮನೆಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ಅಂಗುಲ ಎತ್ತರವಾಗಿದ್ದೆವು.

ಅಲ್ಲಿಂದ ಮುಂದೆ ಲೊವೆಲ್‌ನ ಕೈ ನಿಲ್ಲಲಿಲ್ಲ. ೧೯೭೧ರಲ್ಲಿ ಗ್ರೀಕ್ ವಿಭಾಗ ಮುಚ್ಚಿದ ಸುದ್ದಿಯನ್ನು ನಾವು ಓದಿದ್ದು ಊರಿನ ಪತ್ರಿಕೆಯಲ್ಲಿ. ನಡಾವಳಿಯ ಪ್ರಕಾರ ಸೆನೆಟ್ಟು ಮೂರು ಸಭೆಗಳಲ್ಲಿ ಅದನ್ನು ತೂಗಿ ನೋಡಿ ತೀರ್ಮಾನಿಸಿತ್ತು. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಖಾಯಂ ಮಾಡಬೇಕು, ಯಾವ ಪಾಠ ಇರಬೇಕು, ಎಲ್ಲ ನಮ್ಮದೇ ತೀರ್ಮಾನ. ಒಂದು ಸಲ ಸಭೆಯ ನಡುವೆ ಬೆಂಕಿಯ ಎಚ್ಚರಿಕೆಯ ಗಂಟೆ ಹೊಡೆದುಕೊಂಡು ನಾವು ಹದಿನಾಲ್ಕೂ ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ಓಡಿದೆವು. ಲೊವೆಲ್ ಬರೆದ: "ಸೆನೆಟ್ಟು ಚರ್ಚೆಯನ್ನು ಹೊರಾಂಗಣದಲ್ಲಿ ಮುಂದುವರಿಸಲು ನಿರ್ಧರಿಸಿತು." ಹಸಿರು ರಟ್ಟಿನ ಇಪ್ಪತ್ತಮೂರು ಪುಸ್ತಕಗಳು. ಅವನ್ನು ಓದಿದರೆ ರೋಮಿನಲ್ಲೂ ಅಂಥ ಸೆನೆಟ್ಟು ಇರಲಿಲ್ಲ ಅನ್ನಿಸಬೇಕು.

೧೯೮೫ರ ಸೆಪ್ಟೆಂಬರಿನಲ್ಲಿ ಆಗಿನ ಅಧ್ಯಕ್ಷ ಥಾರ್ನ್‌ಲಿ ಬಂದು, ಕೋಟು ಬಿಚ್ಚದೆ, ಮುಂದಿನ ಜೂನ್‌ಗೆ ಒಂಬತ್ತು ಜನ ಅಧ್ಯಾಪಕರನ್ನು ತೆಗೆಯಲಾಗುವುದು ಎಂದ. ಯಾರು ಅಂತ ಹೇಳಲಿಲ್ಲ. ಖಾಯಂ ಆದವರು, ಆಗದವರು ಎಂಬ ಭೇದವಿಲ್ಲ ಎಂದಷ್ಟೇ ಹೇಳಿದ. ಆ ದಿನ ಬಿಸ್ಕತ್ತು ಉಳಿಯಿತು.

ರಸಾಯನಶಾಸ್ತ್ರದ ಡೊರೀನ್ ಪಾಸೆಕ್ ಅಂದೇ ಸಂಜೆ ನಮ್ಮನ್ನು ತನ್ನ ಅಡುಗೆಮನೆಗೆ ಕರೆದಳು. ಅವಳ ಅಪ್ಪ ಯಂಗ್ಸ್‌ಟೌನಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಕಾದವನು, ಮೂರು ಮುಷ್ಕರ ಕಂಡವನು. ಆಲೂಗಡ್ಡೆ ತುಂಬಿದ ಪಿರೋಗಿಗಳನ್ನು ಬೆಣ್ಣೆಯಲ್ಲಿ ಹುರಿಯುತ್ತ, ನಮಗೆ ಬೆನ್ನು ಹಾಕಿಕೊಂಡೇ ಪಾಠ ಮಾಡಿದಳು.

"ಯೂನಿಯನ್ ಕಟ್ಟಬೇಕು. ಯೂನಿಯನ್ ಇದ್ರೆ ಅವನು ನಮ್ಮ ಜೊತೆ ಮೇಜಿಗೆ ಕೂತು ಕರಾರು ಮಾಡ್ಕೊಳ್ಳಲೇಬೇಕು. ಕರಾರಲ್ಲಿ ಇಲ್ಲದೆ ಒಬ್ಬರನ್ನೂ ತೆಗೆಯೋಕಾಗಲ್ಲ. ಇಲ್ಲಾಂದ್ರೆ ಜೂನ್‌ಗೆ ಒಂಬತ್ತು ಜನ ಬೀದಿಗೆ. ಇಷ್ಟೇ ವಿಷಯ. ಯೂನಿಯನ್ ಬೇಕು ಅಂತ ಸಹಿ ಹಾಕೋ ಕಾರ್ಡು ಅಲ್ಲಿದೆ, ಪೆನ್ನು ಅಲ್ಲಿದೆ."

"ಯೂನಿಯನ್ನು ಅಂದ್ರೆ ಲಾರಿ ಡ್ರೈವರ್‌ಗಳದ್ದಲ್ವಾ?" ಅಂದ ಆಂಬ್ರೋಸ್.

"ಹೌದು. ಅವರಲ್ಲಿ ಒಬ್ಬನ್ನ ತೆಗೆದ್ರೆ ಊರಿಗೆ ಹಾಲು ಬರಲ್ಲ. ನಿನ್ನ ತೆಗೆದ್ರೆ ಏನು ಬರಲ್ಲ ಹೇಳು ನೋಡೋಣ?"

ಎಲ್ಲರಿಗಿಂತ ಮೊದಲು ಎದ್ದು ಸಹಿ ಹಾಕಿದವನು ಲೊವೆಲ್. ಡೊರೀನ್ ಸೌಟು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಲ್ಯಾಟಿನ್‌ನಲ್ಲಿ ಆಗ ಆರು ಹುಡುಗರಿದ್ದರು. ಒಂಬತ್ತರಲ್ಲಿ ತನ್ನದೊಂದು ಎಂದು ಅವನಿಗೆ ಗೊತ್ತಿತ್ತು. ಅರವತ್ತೊಂದು ವರ್ಷದ ಲ್ಯಾಟಿನ್ ಮೇಷ್ಟ್ರನ್ನು ಬೇರೆ ಯಾರೂ ಕರೆಯುವುದಿಲ್ಲ ಎಂದೂ ಗೊತ್ತಿತ್ತು. ನವೆಂಬರ್ ಹೊತ್ತಿಗೆ ನೂರ ನಲವತ್ತು ಜನ ಅಧ್ಯಾಪಕರಲ್ಲಿ ನೂರ ಹನ್ನೆರಡು ಕಾರ್ಡು ಬಂದಿದ್ದವು. ಅವುಗಳಲ್ಲಿ ಎಪ್ಪತ್ತನ್ನು ಅವನೇ ಮನೆಮನೆಗೆ ಹೋಗಿ ತಂದಿದ್ದ. ಬಾಗಿಲು ತೆಗೆದವರಿಗೆ ಮೊದಲು ಕ್ಷಮೆ ಕೇಳಿ ಆಮೇಲೆ ಕಾರ್ಡು ಕೊಡುತ್ತಿದ್ದನಂತೆ. ಪಾಪ ಅನ್ನಿಸಿಯೇ ಅರ್ಧ ಜನ ಸಹಿ ಹಾಕಿದರು.

ಯೂನಿಯನ್ನಿಗಾಗಿ ಚುನಾವಣೆ ನಡೆಸಿ ಎಂದು ಸರ್ಕಾರದ ಕಾರ್ಮಿಕ ಮಂಡಳಿಗೆ ಅರ್ಜಿ ಹೋಯಿತು. ವಿಶ್ವವಿದ್ಯಾಲಯದ ವಕೀಲ ಒಂದೇ ಒಂದು ಆಕ್ಷೇಪ ಎತ್ತಿದ: ಇವರು ಕೆಲಸಗಾರರೇ ಅಲ್ಲ, ಆಡಳಿತಗಾರರು. ಖಾಸಗಿ ವಿಶ್ವವಿದ್ಯಾಲಯವನ್ನು ಅಧ್ಯಾಪಕರೇ ನಡೆಸುತ್ತಿದ್ದರೆ ಅವರು ಆಡಳಿತದ ಭಾಗ, ಅವರಿಗೆ ಯೂನಿಯನ್ನಿನ ಹಕ್ಕಿಲ್ಲ ಎಂದು ದೇಶದ ದೊಡ್ಡ ಕೋರ್ಟು ಕೆಲವು ವರ್ಷಗಳ ಹಿಂದೆ ಹೇಳಿತ್ತು. ಯಜಮಾನ ತನ್ನ ಜೊತೆ ತಾನೇ ಚೌಕಾಸಿ ಮಾಡಲು ಆಗುವುದಿಲ್ಲವಲ್ಲ. ನಾವು ಅಧ್ಯಾಪಕರ ವಿಶ್ರಾಂತಿ ಕೋಣೆಯಲ್ಲಿ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕೆವು. ನಾವು ಆಡಳಿತಗಾರರಂತೆ. ಆ ಕೋಣೆಯ ಬಲ್ಬು ಹೋದರೆ ಹೊಸದು ಹಾಕಿಸಲು ನಮಗೆ ಒಂದು ಸೆಮಿಸ್ಟರ್ ಬೇಕಾಗುತ್ತಿತ್ತು.

ಲೊವೆಲ್ ಮಾತ್ರ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಅವರು ನಡಾವಳಿ ಕೇಳ್ತಾರೆ," ಅಂದ.

ಕೇಳಿದರು. ಜನವರಿಯಲ್ಲಿ ಕ್ಲೀವ್‌ಲ್ಯಾಂಡಿನ ಸರ್ಕಾರಿ ಕಟ್ಟಡವೊಂದರಲ್ಲಿ ವಿಚಾರಣೆ. ಊರಿನ ಪಕ್ಕದ ಮಹಾ ಸರೋವರದ ಮೇಲಿಂದ ಬರುವ ಗಾಳಿ ಎಷ್ಟು ಕೊರೆಯುತ್ತಿತ್ತೆಂದರೆ ಕಾರಿನಿಂದ ಬಾಗಿಲವರೆಗೆ ಆಡಿದ ಮಾತು ಗಾಳಿಯಲ್ಲೇ ಹೆಪ್ಪುಗಟ್ಟಿ, ಒಳಗೆ ಹೋಗಿ ಕರಗಿದ ಮೇಲೆ ಕೇಳಿಸುತ್ತಿತ್ತು. ಇಪ್ಪತ್ತಮೂರು ಹಸಿರು ಪುಸ್ತಕಗಳನ್ನು ಲೊವೆಲ್ ತಾನೇ ಎರಡು ಪೆಟ್ಟಿಗೆಯಲ್ಲಿ ಹೊತ್ತು ತಂದ. ವಿಶ್ವವಿದ್ಯಾಲಯದ ವಕೀಲ ವಿಟಕರ್ ಹಿಂದೆ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿರಬೇಕು, ಅಂಥ ಮೃದು ದನಿ. ಇಡೀ ಬೆಳಗ್ಗೆ ಅವುಗಳಿಂದ ಓದಿದ. ದೀರ್ಘ ಚರ್ಚೆಯ ನಂತರ ಸೆನೆಟ್ಟು ನಿರ್ಧರಿಸಿತು. ಸೆನೆಟ್ಟು ಆದೇಶಿಸಿತು. ಸೆನೆಟ್ಟು ಸೂಚಿಸಿದಂತೆ ಅಧ್ಯಕ್ಷರು ನಡೆದುಕೊಂಡರು. ಬೆಂಕಿಯ ಗಂಟೆಯ ದಿನದ್ದನ್ನೂ ಬಿಡಲಿಲ್ಲ. ನಾವು ಸುಮಾರು ಅರವತ್ತು ಜನ ಬೆಂಚುಗಳ ಮೇಲೆ ಕೂತು ಕೇಳಿದೆವು. ಹೇಳಬಾರದು, ಆದರೂ ಹೇಳುತ್ತೇನೆ: ಕೇಳಲು ಹಿತವಾಗಿತ್ತು.

ಊಟದ ಬಿಡುವಿನಲ್ಲಿ ಕೆಳಗಿನ ಕ್ಯಾಂಟೀನಿನಲ್ಲಿ ಡೊರೀನ್, ಲೊವೆಲ್, ನಾನು ಒಂದೇ ಮೇಜಿಗೆ ಕೂತೆವು. ಲೊವೆಲ್ ಸೂಪಿನಲ್ಲಿ ಚಮಚ ತಿರುಗಿಸುತ್ತಿದ್ದ.

"ಮಧ್ಯಾಹ್ನ ನಿನ್ನ ಕರೀತಾರೆ," ಅಂದಳು ಡೊರೀನ್. "ಏನು ಹೇಳ್ತೀಯ?"

"ನಿಜ ಹೇಳ್ತೀನಿ."

"ಯಾವ ನಿಜ ಮಾರಾಯ? ಬರೆದದ್ದಾ, ಆದದ್ದಾ?"

"ಆದದ್ದು. ಇಪ್ಪತ್ತಮೂರು ವರ್ಷ ನಾನು ಸುಳ್ಳು ಬರೆದೆ ಅಂತೀನಿ. ಪೇಪರಿನೋರು ಕೂತಿದಾರೆ, ಬರ್ಕೊಳ್ಳಲಿ. ಆದ್ರೆ ನಾನೊಬ್ಬನೇ ಹೇಳಿದ್ರೆ ನಡೆಯಲ್ಲ ಡೊರೀನ್. ಕೆಲಸ ಹೋಗೋ ಮುದುಕ, ಈಗ ಮಾತು ತಿರುಗಿಸ್ತಾನೆ ಅಂತಾರೆ. ಒಪ್ಪಿ ಕೈಯೆತ್ತಿದೋರು ಯಾರಾದ್ರೂ ಹೌದು ಅನ್ನಬೇಕು."

ಡೊರೀನ್ ನನ್ನ ಕಡೆ ತಿರುಗಿದಳು. ಅವಳು ಸೆನೆಟ್ಟಿಗೆ ಬಂದು ಇನ್ನೂ ಒಂದು ವರ್ಷ. ಅವಳ ಸಾಕ್ಷಿಗೆ ಬೆಲೆ ಇರಲಿಲ್ಲ. "ಆರ್ಲೋ, ನಿನ್ನೂ ಆಂಬ್ರೋಸನ್ನೂ ಕರೀತಾರೆ. ನೀನು ದಿನಕ್ಕೆ ನೂರು ಬುರುಡೆ ಬಿಡ್ತೀಯ. ಇವತ್ತು ಒಂದು ದಿನ ನಿಲ್ಲಿಸ್ತೀಯಾ?"

"ಏನು ಹೇಳಬೇಕು?"

"ನಾವು ಅಲ್ಲಿ ಬಿಸ್ಕತ್ತು ತಿನ್ತಿದ್ವಿ ಅನ್ನು. ಅಷ್ಟು ಸಾಕು."

"ಅಷ್ಟೇನಾ," ಅಂದೆ. ಇನ್ನೊಂದು ಸ್ಯಾಂಡ್‌ವಿಚ್ ತರಲು ಎದ್ದೆ.

ಲೊವೆಲ್ ಪ್ರಮಾಣ ಮಾಡಲಿಲ್ಲ, ನಿಜ ಹೇಳುತ್ತೇನೆ ಎಂದಷ್ಟೇ ಹೇಳಿ ಕೂತ. ಹೇಳಿದ ಕೂಡ. ಒಂದೂವರೆ ಗಂಟೆ ಅವನು ತನ್ನ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಇದು ಆಗಲಿಲ್ಲ, ಇದೂ ಆಗಲಿಲ್ಲ, ಇಲ್ಲಿ ಯಾರೂ ಮಾತಾಡಲಿಲ್ಲ, ಇದು ನಮಗೆ ಪತ್ರಿಕೆಯಿಂದ ಗೊತ್ತಾಯಿತು ಎಂದು ಹೇಳುತ್ತ ಹೋದ. ತಾನೇ ಕಟ್ಟಿದ ಮನೆಯ ಇಟ್ಟಿಗೆಯನ್ನು ತಾನೇ ಕೀಳುತ್ತಿದ್ದ ಹಾಗಿತ್ತು. ಬೆಂಚಿನ ಮೇಲಿದ್ದ ನಾವು ನಮ್ಮ ಬೂಟುಗಳನ್ನು ಎಷ್ಟು ಗಮನವಿಟ್ಟು ನೋಡಿದೆವೆಂದರೆ ಇವತ್ತಿಗೂ ಆ ಹೊಲಿಗೆಗಳನ್ನು ಎಣಿಸಿ ಹೇಳಬಲ್ಲೆ.

"ಹಾಗಾದರೆ ಪ್ರೊಫೆಸರ್," ಅಂದ ವಿಟಕರ್, ಕನಿಕರದಿಂದ, "ಇಷ್ಟು ವರ್ಷ ಈ ಎಲ್ಲ ವಿದ್ವಾಂಸರು ಸುಳ್ಳು ಎಂದು ಗೊತ್ತಿದ್ದೂ ಪ್ರತಿ ತಿಂಗಳೂ ಕೈಯೆತ್ತಿದರು ಅಂತೀರಾ?"

"ಹೌದು."

"ಯಾಕೆ?"

ಲೊವೆಲ್ ಕೈಯಲ್ಲಿದ್ದ ಪುಸ್ತಕ ಮುಚ್ಚಿದ. "ನಾಚಿಕೆಗೆ," ಅಂದ.

ಆಮೇಲೆ ಆಂಬ್ರೋಸ್ ಕೀಲ್. ಸೂಟಿನ ಗುಂಡಿ ಹಾಕಿಕೊಂಡು ಹೋಗಿ ಕೂತ. ಸೆನೆಟ್ಟಿನಲ್ಲಿ ಚರ್ಚೆ ನಡೆಯುತ್ತಿರಲಿಲ್ಲವೇ ಎಂದು ಕೇಳಿದಾಗ, ಚರ್ಚೆ ಎಂದರೇನು ಎಂಬುದರ ಮೇಲೆ ಹತ್ತು ನಿಮಿಷ ಮಾತಾಡಿ, ಮನುಷ್ಯನ ಮೌನವೂ ಒಂದು ಬಗೆಯ ಪಾಲ್ಗೊಳ್ಳುವಿಕೆ ಎಂದು ಮುಗಿಸಿದ. ಅವನೂ ಕಾರ್ಡಿಗೆ ಸಹಿ ಹಾಕಿದವನೇ. ವಿಟಕರ್ ಧನ್ಯವಾದ ಹೇಳಿದ.

ಕೊನೆಗೆ ನಾನು. ೧೯೭೧ರ ಗ್ರೀಕ್ ವಿಭಾಗದ ನಡಾವಳಿಯನ್ನು ಅನುಮೋದಿಸಿದವನು ನಾನೇ ಎಂದು ಪುಸ್ತಕದಲ್ಲಿತ್ತು. ವಿಟಕರ್ ಅದನ್ನು ನನ್ನ ಕೈಗೇ ಕೊಟ್ಟ. ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು. ಸೆನೆಟ್ಟಿನಿಂದ ಮನೆಗೆ ಹೋದ ಪ್ರತಿ ಮಂಗಳವಾರ ರಾತ್ರಿಯ ಊಟಕ್ಕೆ ನಾನು ಅವಳಿಗೆ ಹೇಳುತ್ತಿದ್ದದ್ದು, ಇವತ್ತು ಅಧ್ಯಕ್ಷನಿಗೆ ಹೀಗೆ ಅಂದೆ, ಅವನ ಬಾಯಿ ಮುಚ್ಚಿಸಿದೆ, ಹಾಗೆ ಮಾಡಿಸಿದೆ ಎಂದೇ. ಅವಳ ಪಕ್ಕದಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು.

"ಪ್ರೊಫೆಸರ್ ಬೀಚಮ್, ಈ ಸಭೆಗಳಲ್ಲಿ ನೀವು ಏನೂ ಮಾತಾಡದೆ ಸುಮ್ಮನೆ ಕೂತಿದ್ದಿರಾ?"

ಬಿಸ್ಕತ್ತು ಎಂಬ ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಜೀವಮಾನದಲ್ಲಿ ಹೊರಟ ಮಾತುಗಳನ್ನು ಸಾಲಾಗಿ ಇಟ್ಟರೆ ಚಂದ್ರನಿಗೆ ಹೋಗಿ ಬರಬಹುದು. ಆ ಒಂದು ಹೊರಡಲಿಲ್ಲ.

"ಇಲ್ಲ," ಅಂದೆ. "ಮಾತಾಡ್ತಿದ್ವಿ."

ಲೊವೆಲ್ ಹಸಿರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ತಲೆ ಎತ್ತಲಿಲ್ಲ.

ತೀರ್ಪು ಏಪ್ರಿಲ್‌ನಲ್ಲಿ ಬಂತು. ನಾವು ಆಡಳಿತಗಾರರು. ಅರ್ಜಿ ವಜಾ. ಚುನಾವಣೆ ಇಲ್ಲ, ಯೂನಿಯನ್ ಇಲ್ಲ, ಮೇಜೂ ಇಲ್ಲ, ಕರಾರೂ ಇಲ್ಲ. ಡೊರೀನ್ ನೂರ ಹನ್ನೆರಡು ಕಾರ್ಡುಗಳನ್ನು ಅವರವರಿಗೆ ವಾಪಸು ಕೊಡುತ್ತ ವಿಭಾಗದಿಂದ ವಿಭಾಗಕ್ಕೆ ನಡೆದಳು. ನನ್ನದನ್ನು ಮೇಜಿನ ಮೇಲೆ ಇಟ್ಟು, "ತಗೋ ಯಜಮಾನ," ಅಂದಳು. ಅವಳು ಆಮೇಲೆ ನನ್ನ ಜೊತೆ ಮಾತಾಡಿದ್ದು ಒಂದೇ ಸಲ, ನನ್ನ ಹೆಂಡತಿ ತೀರಿಕೊಂಡಾಗ.

ಮೇ ತಿಂಗಳ ಮೊದಲ ಮಂಗಳವಾರ ಥಾರ್ನ್‌ಲಿ ಸೆನೆಟ್ಟಿಗೆ ಬಂದ. ಅಂದು, ನಾನು ಕಂಡಂತೆ ಮೊದಲ ಬಾರಿಗೆ, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಕೂತ.

"ಗೆಳೆಯರೇ," ಅಂದ, "ಒಂಬತ್ತು ಹೆಸರನ್ನ ನಾನೇ ಬರೆದು ತರೋಣ ಅಂತಿದ್ದೆ. ಆದ್ರೆ ಸರ್ಕಾರವೇ ಹೇಳಿದೆಯಲ್ಲ, ಈ ವಿಶ್ವವಿದ್ಯಾಲಯ ನಡೆಸೋರು ನೀವು ಅಂತ. ನಿಮ್ಮ ಅಧಿಕಾರದಲ್ಲಿ ನಾನ್ಯಾಕೆ ಕೈ ಹಾಕಲಿ? ಯಾರ್ಯಾರು ಅನ್ನೋದನ್ನ ನೀವೇ ತೀರ್ಮಾನಿಸಿ ಕೊಡಿ. ನನಗೇನೂ ಅವಸರ ಇಲ್ಲ, ಕೂತಿರ್ತೀನಿ."

ಒಂದು ಬಿಸ್ಕತ್ತು ತೆಗೆದುಕೊಂಡ.

ಆ ಮಧ್ಯಾಹ್ನ ಸೆನೆಟ್ಟಿನಲ್ಲಿ ನಿಜವಾಗಿ ಚರ್ಚೆ ನಡೆಯಿತು. ಎರಡು ಗಂಟೆ ಕಾಲ ನಡೆಯಿತು. ಹದಿನಾಲ್ಕು ಜನರಲ್ಲಿ ಬಾಯಿ ಬಿಡದವರು ಇರಲಿಲ್ಲ. ಯಾವ ವಿಭಾಗದಲ್ಲಿ ಎಷ್ಟು ಹುಡುಗರು, ಯಾರು ಪುಸ್ತಕ ಬರೆದಿದ್ದಾರೆ, ಯಾರಿಗೆ ವಯಸ್ಸಾಯಿತು. ತನ್ನ ವಿಭಾಗ ಉಳಿಯಲು ಪಕ್ಕದವನದು ಯಾಕೆ ಹೋಗಬೇಕು ಎಂಬುದನ್ನು ಒಬ್ಬೊಬ್ಬರೂ ಎಂಥ ಪಾಂಡಿತ್ಯದಿಂದ ವಿವರಿಸಿದರೆಂದರೆ, ಬದುಕಿನಲ್ಲಿ ಅವರು ಅಷ್ಟು ಚೆನ್ನಾಗಿ ಪಾಠ ಮಾಡಿದ್ದನ್ನು ನಾನು ಕೇಳಿಲ್ಲ. ಜರ್ಮನ್ ಹೋಯಿತು, ಸಂಗೀತ ಹೋಯಿತು. ಎಂಟು ಹೆಸರಾಯಿತು. ಉಳಿದದ್ದು ಒಂದು. ಹುಡುಗರು ತೀರ ಕಡಿಮೆ ಇದ್ದ ವಿಭಾಗಗಳು ಎರಡು: ಆರು ಹುಡುಗರ ಲ್ಯಾಟಿನ್, ಏಳು ಹುಡುಗರ ಭೂಗರ್ಭಶಾಸ್ತ್ರ.

"ಲ್ಯಾಟಿನ್ ಅನ್ನು ಕೈಬಿಡೋ ಪರವಾಗಿರೋರು," ಅಂದ ಆಂಬ್ರೋಸ್. ಅವನು ಆ ವರ್ಷ ಸಭೆಯ ಮುಖ್ಯಸ್ಥ.

ಕೈಗಳನ್ನು ಎಣಿಸುವುದು ಕಾರ್ಯದರ್ಶಿಯ ಕೆಲಸ. ಬೇರೆ ಯಾರಾದರೂ ಎಣಿಸಲಿ ಎಂದು ಹೇಳಲು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಲೊವೆಲ್ ಪೆನ್ನು ಹಿಡಿದು ಎದ್ದುನಿಂತ. ಮೊದಲು ಎದ್ದದ್ದು ಆಂಬ್ರೋಸನ ಕೈ. ಎರಡನೆಯದು ನನ್ನದು. ಆಮೇಲೆ ಒಂದರ ಹಿಂದೆ ಒಂದು. ಲೊವೆಲ್ ಪೆನ್ನಿನ ತುದಿಯಿಂದ ಒಂದೊಂದೇ ಕೈಯನ್ನು ಎಣಿಸಿದ. ನನ್ನ ಮೇಲೆ ಬಂದಾಗ ನಿಧಾನಿಸಲೂ ಇಲ್ಲ, ಅವಸರವನ್ನೂ ಮಾಡಲಿಲ್ಲ.

"ಪರ ಹನ್ನೆರಡು," ಅಂದ. "ವಿರೋಧ ಒಂದು, ಪ್ರೊಫೆಸರ್ ಪಾಸೆಕ್. ಕಾರ್ಯದರ್ಶಿ ಮತ ಹಾಕಲಿಲ್ಲ."

ಥಾರ್ನ್‌ಲಿ ಕೋಟು ಹಾಕಿಕೊಂಡು ಎಲ್ಲರ ಕೈ ಕುಲುಕಿ ಹೋದ. ಡೊರೀನ್ ಬಾಗಿಲನ್ನು ಹಾಗೇ ತೆರೆದಿಟ್ಟು ಹೋದಳು.

ನಾನು ಕಾರು ನಿಲ್ಲಿಸಿದ ಕಡೆ ಲೊವೆಲ್ ನನಗಾಗಿ ಕಾದಿದ್ದ. ಹೊಡೆಯಲಿಕ್ಕೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಮೇಪಲ್ ಮರಗಳು ಆಗಷ್ಟೇ ಚಿಗುರಿದ್ದವು. ಅವನು ನನ್ನ ಕಾರಿನ ಗಾಜಿನ ಮೇಲೆ ಬಿದ್ದಿದ್ದ ಕಸವನ್ನು ಕೈಯಿಂದ ಒರೆಸಿದ.

"ಎಲ್ಲಿಗೆ ಹೋಗ್ತೀಯ?" ಅಂದೆ.

"ಇಂಡಿಯಾನಾಕ್ಕೆ, ತಂಗಿ ಮನೆಗೆ. ಅವಳ ಗಂಡಂದು ಬಿತ್ತನೆಕಾಳಿನ ಮಂಡಿ ಇದೆ. ತೂಕ ಬರ್ಕೊಳ್ಳೋಕೆ ಒಬ್ಬರು ಬೇಕಂತೆ."

"ಲೊವೆಲ್, ನಾನು..."

"ಆರ್ಲೋ," ಅಂದ ಅವನು, ನನ್ನ ಮಾತನ್ನು ಮುಂದೆ ಹೋಗಲು ಬಿಡದೆ. ಯಾರ ಮಾತನ್ನೂ ಅವನು ಹಿಂದೆಂದೂ ತಡೆದವನಲ್ಲ. "ನಿನ್ನ ಕೈ ಎಲ್ಲರಿಗಿಂತ ಕೊನೇಲಿ ಎದ್ದಿತು. ನಾನು ಎಣಿಸ್ತಿದ್ನಲ್ಲ, ನೋಡ್ದೆ."

ನಾನು ಅವನ ಮುಖ ನೋಡಿದೆ. ೧೯೬೩ರಲ್ಲಿ ನಮ್ಮನ್ನೆಲ್ಲ ನೋಡಿದ ಮುಖವೇ.

"ತುಂಬ ಯೋಚನೆ ಮಾಡಿ ಎತ್ತಿದೆ ನೀನು," ಅಂದ.

"ಹೌದು," ಅಂದೆ ನಾನು. "ತುಂಬ ಯೋಚನೆ ಮಾಡ್ದೆ."